ನೀಲಿ ಚೌಕಕ್ಕೆ ಬಂದ ತಿಮಿಂಗಿಲದ ಕುರಿತು

ಗ್ರ್ಯಾಂಡ್ ಮನಾನ್ ದ್ವೀಪ, ಜೂನ್ ೧೮

ಕಡಲಜೀವಿಗಳು ಎಲ್ಲೆಲ್ಲಿ ಸಂಧಿಸುತ್ತವೆಂದು ದಡದಲ್ಲೇ ಕುಳಿತು ಅಂದಾಜು ಹಾಕುವ ಮಾನ್ಯ ಗಣಕ ಮಾದರಿಯವರೇ,

ಉಪ್ಪುನೀರು ಸೋಕದ ತಮ್ಮ ಪಾದಾರವಿಂದಗಳಿಗೆ, ಲಾಬ್‌ಸ್ಟರ್ ಸಿಗಡಿ ಹಿಡಿದು ಬದುಕುವ ಥೆಲ್ಮಾ ಇಂಗರ್‌ಸಾಲ್ ಮಾಡುವ ನಮಸ್ಕಾರಗಳು.

ತಿಮಿಂಗಿಲಗಳೂ ಅವು ತಿನ್ನುವ ಅಕ್ಕಿನುಚ್ಚಿನಷ್ಟು ಪುಟ್ಟ ಜೀವಿಗಳೂ ಕೂಡುವ ಜಾಗವನ್ನು ತಾವು ನಕ್ಷೆಯಲ್ಲಿ ಕೆಂಪು ಚೌಕವಾಗಿ ತೋರಿಸುತ್ತೀರಿ. ಹಗ್ಗಕ್ಕೆ ತಿಮಿಂಗಿಲ ಸಿಕ್ಕಿಕೊಂಡೀತೆಂದು ಅಲ್ಲಿ ನಾವು ಸಿಗಡಿಯ ಬೋನು ಇಳಿಸುವಂತಿಲ್ಲ. ತಮ್ಮ ಮಾತು ಮೀರಬಾರದೆಂದು ನಾನೂ ನನ್ನ ಗಂಡ ಬರ್ಟನ್ನೂ ಬೋನುಗಳನ್ನೆಲ್ಲ ಎತ್ತಿ, ತಿಮಿಂಗಿಲ ಬರುವ ಸಂಭವ ಶೇಕಡ ಎರಡೇ ಎಂದು ತಾವು ಹೇಳಿದ ನೀಲಿ ಚೌಕಕ್ಕೆ ಸಾಗಿಸಿದೆವು. ಕಳೆದ ಮಂಗಳವಾರ ಬೆಳಿಗ್ಗೆ, ನಕ್ಷೆ ಓದಲು ಬಾರದ ಒಂದು ತಾಯಿ ತಿಮಿಂಗಿಲ ಮರಿಯನ್ನು ಕರೆದುಕೊಂಡು ಅಲ್ಲಿಗೇ ಬಂತು. ನಮ್ಮ ಬೋನಿನ ಹಗ್ಗ ಮರಿಯ ಬಾಲಕ್ಕೆ ಸುತ್ತಿಕೊಂಡಿತು.

ಬರ್ಟನ್ ನಮ್ಮ ದೋಣಿಯ ಎಂಜಿನ್ ಆರಿಸಿದ. ನಾನು ತಮ್ಮ ಕಚೇರಿಗೆ ಫೋನ್ ಮಾಡಿದೆ. ಅಲ್ಲಿದ್ದವನು ತಮ್ಮನ್ನೊಮ್ಮೆ ನೋಡಿ, "ಅಮ್ಮಾ, ನೀವು ಹೇಳೋ ಜಾಗ್ದಲ್ಲಿ ತಿಮಿಂಗಿಲ ಇಲ್ವಲ್ಲಾ," ಎಂದ.

"ತಡಿಯಪ್ಪಾ, ತಿಮಿಂಗಿಲಕ್ಕೇ ಫೋನ್ ಕೊಡ್ತೀನಿ. ನೀನೇ ಹೇಳ್ಬಿಡು," ಎಂದೆ.

ರಕ್ಷಣಾ ದೋಣಿ ಬರಲು ಮೂರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ತಾಯಿ ಮರಿಯನ್ನು ಕೆಳಗಿನಿಂದ ಎತ್ತಿ ಹಿಡಿದು ಉಸಿರಾಡಿಸುತ್ತಿತ್ತು. ಮೂರು ಹೆತ್ತ ನನಗೆ ಅತ್ತ ನೋಡಲಾಗಲಿಲ್ಲ. ಚರ್ಚಿನಲ್ಲಿ ಟೊಪ್ಪಿ ತೆಗೆಯಲು ಗೊಣಗುವ ಬರ್ಟನ್ ಅಂದು ಬರಿದಲೆಯಲ್ಲಿ ನಿಂತಿದ್ದ.

ದೋಣಿಯಲ್ಲಿ ತಮ್ಮನ್ನು ಹೆತ್ತ ವಿಜ್ಞಾನಿ ಓಡೆಟ್ ಕೂಡ ಬಂದಿದ್ದರು. ಎರಡು ಸಲ ವಾಂತಿ ಮಾಡಿಕೊಂಡರೂ ಹಗ್ಗ ಹಿಡಿದ ಕೈ ಬಿಡಲಿಲ್ಲ. ಹಗ್ಗ ತುಂಡಾಗಿ, ಮುಳುಗಿದ ಮರಿ ದೂರದಲ್ಲಿ ತಾಯಿಯ ಪಕ್ಕ ಎದ್ದಾಗ ಎಲ್ಲರೂ ಅತ್ತೆವು.

"ಶೇಕಡ ಎರಡು ಅಂದ್ರೆ ಸೊನ್ನೆ ಅಲ್ಲ, ಥೆಲ್ಮಾ," ಎಂದರು ಓಡೆಟ್.

"ಅದನ್ನ ನಕ್ಷೇಲಿ ಬರೀಬಾರ್ದಿತ್ತಾ ತಾಯೀ?" ಎಂದೆ. ಉತ್ತರ ಬರುವ ಮುನ್ನ ಮೂರನೆಯ ವಾಂತಿ ಬಂತು.

ತಾವಾದರೋ ನನ್ನ ಒಂದೇ ಕರೆಯನ್ನು ನುಂಗಿ, ಮರುದಿನವೇ ನಮ್ಮ ನೀಲಿಯನ್ನು ಹದಿನೈದು ದಿನಕ್ಕೆ ಕೆಂಪು ಮಾಡಿದಿರಿ. ಲಾಬ್‌ಸ್ಟರ್ ಹಿಡಿಯಲು ಈ ಸಾಲಿನಲ್ಲಿ ಉಳಿದಿರುವುದೇ ಹನ್ನೆರಡು ದಿನ. ನಿಜ ಹೇಳಿದವರ ಬೋನು ದಡದಲ್ಲಿ, ಕಂಡೂ ಬಾಯಿ ಹೊಲಿದುಕೊಂಡವರ ಬೋನು ನೀರಿನಲ್ಲಿ: ಎಂಥ ಸೂಕ್ಷ್ಮ ನ್ಯಾಯ! ನೀಲಿಯ ಮೇಲೆ 'ಬಂದರೂ ಬಂದೀತು' ಎಂದು ಬರೆಸಬೇಕು, ಅದಾಗದಿದ್ದರೆ ತಿಮಿಂಗಿಲಗಳಿಗೊಂದು ಶಾಲೆ ತೆರೆಯಬೇಕು ಎಂದು ಬಿನ್ನಹ.

ಬೋನುಗಳನ್ನು ಅಂಗಳದಲ್ಲಿ ಪೇರಿಸಿಟ್ಟು ಕುಳಿತಿರುವ,
ತಮ್ಮ ವಿಶ್ವಾಸಿ,
ಥೆಲ್ಮಾ ಇಂಗರ್‌ಸಾಲ್

ಮರೆತ ಮಾತು: ಇಂದು ಬೆಳಿಗ್ಗೆ ಅದೇ ತಾಯಿ, ಮರಿ ನಮ್ಮ ಅಡುಗೆಮನೆಯ ಕಿಟಕಿಗೆ ಕಂಡವು. "ಸುಮ್ನಿರೇ ಮಾರಾಯ್ತಿ," ಎಂದ ಬರ್ಟನ್. ಹತ್ತರವರೆಗೆ ಎಣಿಸಿ, ತಮ್ಮ ಕಚೇರಿಗೆ ಫೋನ್ ಮಾಡಿಯೇಬಿಟ್ಟೆ. ಹೊಸ ಕೆಂಪು ಚೌಕದೊಳಗೆ ನನ್ನ ಒಲೆಯೂ ಬರುವುದಾದರೆ ಅದನ್ನೂ ಹದಿನೈದು ದಿನ ಮುಚ್ಚಿಸಿ, ನನ್ನ ಆಕ್ಷೇಪಣೆಯಿಲ್ಲ. ಬರ್ಟನ್‌ಗೆ ಮಾತ್ರ ತಾವೇ ಪತ್ರ ಬರೆದು ತಿಳಿಸಬೇಕು.