ಎದೆಗೆ ಕಟ್ಟಿದ ಚೀಲ

ಕೂಸು ಕುಡಿದ ಹಾಲು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. "ವಾರ ನೋಡೋಣ. ತೂಕ ಏರದಿದ್ರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ," ಎಂದಿದ್ದರು ಡಾಕ್ಟರು. ಆ ವಾರ ಇವತ್ತು ಸಂಜೆಗೆ ಮುಗಿಯುತ್ತಿತ್ತು. ದರ್ಜಿಯ ಹೆಂಡತಿಗೆ ಇವತ್ತೇ ರಜೆ ಮುಗಿದಿತ್ತು.

"ಸ್ವಲ್ಪಸ್ವಲ್ಪವೇ ಕುಡಿಸಿ. ಆಮೇಲೆ ಅರ್ಧ ಗಂಟೆ ನೆಟ್ಟಗೆ ಎತ್ಕೊಂಡಿರಿ. ಯಾರ ಕೈಗೂ ಕೊಡ್ಬೇಡಿ," ಎಂದು ಹೇಳಿ ಅವಳು ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದಳು.

ದರ್ಜಿ ಕೂಸನ್ನು ಅಂಗಡಿಗೆ ತಂದ. ಮೊದಲ ಬಾಟಲಿ ಮುಗಿಯುವಷ್ಟರಲ್ಲಿ ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಹಾಜರು.

"ಇಷ್ಟೇನಾ? ಪಾಪ, ಹಸಿದಿದೆ ಕಣೋ! ಕೊಡಿಲ್ಲಿ."

"ಬೇಡ ಅಕ್ಕಾ, ಡಾಕ್ಟ್ರು..."

"ಡಾಕ್ಟ್ರು ಹೆತ್ತಿದ್ದಾರಾ? ನಾನು ಹೆತ್ತಿದ್ದೀನಿ!"

ಕಸಿದುಕೊಂಡು, ಹೊಟ್ಟೆ ಬಿರಿಯೆ ಕುಡಿಸಿ, ಬಟ್ಟೆ ಗಂಟಿನ ಮೇಲೆ ಅಂಗಾತ ಮಲಗಿಸಿದಳು. ಮರುಗಳಿಗೆಯಲ್ಲೇ ಹಾಲೆಲ್ಲ ನೆಲದ ಪಾಲಾಯಿತು. ಗದ್ದಲ ಕೇಳಿ ಬಂದ ಗಡಿಯಾರ ರಿಪೇರಿಯವನು, "ಗಾಳಿ ಸೇರಿದೆ, ಸ್ವಲ್ಪ ಕುಲುಕಿದ್ರೆ ಸರಿಹೋಗುತ್ತೆ," ಎಂದು ಎತ್ತಿ ಕುಣಿಸಿದ. ಉಳಿದದ್ದು ಅವನ ಕನ್ನಡಕದ ಮೇಲೆ ಬಿತ್ತು.

ದರ್ಜಿ ಕೂಸನ್ನು ಕಿತ್ತುಕೊಂಡ. ಅದು ಬಿಕ್ಕುತ್ತಿತ್ತು. ಅದರ ಬೆನ್ನೆಲುಬು ದರ್ಜಿಯ ಅಂಗೈಗೆ ಸಿಕ್ಕಿತು. ಆ ಪುಟ್ಟ ಮೂಗಿಗೆ ನಳಿಗೆ ಹಾಕುವುದನ್ನು ನೆನೆದು ಅವನು ಅದನ್ನು ಎದೆಗವಚಿಕೊಂಡ. "ಇಬ್ರೂ ಆಚೆ ನಡೀರಿ!" ಎಂದು ಹುಟ್ಟಿದಾರಭ್ಯ ಮೊದಲ ಸಲ ಕೂಗಿದ.

ಗಡಿಯಾರದವನು ಕನ್ನಡಕ ಒರೆಸಿಕೊಳ್ಳುತ್ತ ಹೊರಬಿದ್ದ. ಅಕ್ಕನ ಮುಖ ಸಣ್ಣದಾಯಿತು. "ಹೋಗ್ತೀನಪ್ಪಾ. ಮೇಜೆಲ್ಲ ಚೆಲ್ಲಾಪಿಲ್ಲಿ, ಇದನ್ನಾದ್ರೂ ಜೋಡಿಸಿಟ್ಟು ಹೋಗ್ತೀನಿ," ಎಂದು ಹೊಲಿಯಲು ಕತ್ತರಿಸಿಟ್ಟ ಬಟ್ಟೆಗಳನ್ನೆಲ್ಲ ಮಡಚಿ, ತನಗೆ ತಿಳಿದಂತೆ ಮೂಲೆಗೆ ಪೇರಿಸಿಟ್ಟು ಹೋದಳು.

ಕೂಸು ನೆಟ್ಟಗಿರಬೇಕು, ಕೈಯೂ ಬಿಡುವಾಗಬೇಕು. ದರ್ಜಿಗೆ ಹೊಳೆದದ್ದು ಚೀಲ. ಕೂಸನ್ನು ಹೆಗಲಿಗೆ ಹಾಕಿಕೊಂಡು, ತುಂಡುಬಟ್ಟೆಗಳನ್ನಿಡುವ ಮೂಲೆಗೆ ಕೈ ಹಾಕಿ ಸಿಕ್ಕಿದ್ದನ್ನೆಳೆದ. ಕಣ್ಣು ಕೂಸಿನ ಬಾಯಿಯ ಮೇಲೆ, ಕೈ ಮಿಷಿನ್ನಿನ ಮೇಲೆ. ಎರಡು ಪಟ್ಟಿ ಹೊಲಿದು, ಎದೆಗೆ ಕಟ್ಟಿಕೊಂಡು, ಕೂಸನ್ನು ನೆಟ್ಟಗೆ ಕೂರಿಸಿದ. ಮತ್ತೆ ಸ್ವಲ್ಪಸ್ವಲ್ಪವೇ ಕುಡಿಸಿದ. ಅರ್ಧ ಗಂಟೆ ಕಾದ. ಒಂದು ತೇಗು ಬಂತು, ಹಾಲು ಬರಲಿಲ್ಲ. ಸಂಜೆಯವರೆಗೂ ಬರಲಿಲ್ಲ.

ಚೀಲದ ಸಮೇತ ಆಸ್ಪತ್ರೆಗೆ ಹೋದ. ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಕೂಸನ್ನು ತಕ್ಕಡಿಗೆ ಹಾಕಿದಾಗ ಇಬ್ಬರಿಗೂ ಮುಳ್ಳಿನತ್ತ ನೋಡುವ ಧೈರ್ಯವಿರಲಿಲ್ಲ.

"ಏರಿದೆ," ಎಂದರು ಡಾಕ್ಟರು.

ಹೆಂಡತಿ ಗೊಳೋ ಎಂದು ಅತ್ತಳು. ದರ್ಜಿಯೂ ಅತ್ತು, ಕೂಸನ್ನು ಮತ್ತೆ ಚೀಲಕ್ಕಿಳಿಸಿಕೊಂಡ.

"ಭೇಷ್! ಹಾಲು ಕುಡಿಸಿದಾಗೆಲ್ಲ ಇದೇ ಚೀಲ. ಮೂರು ತಿಂಗಳು ಬದಲಾಯಿಸಲೇಬೇಡಿ," ಎಂದು ಡಾಕ್ಟರು ಮೆಚ್ಚಿ ಚೀಲವನ್ನು ಸವರಿದರು. ಕೈ ಅಲ್ಲೇ ನಿಂತಿತು. ಬಗ್ಗಿ, ಬೂದುಬಣ್ಣದ ಬಟ್ಟೆಯ ಸಣ್ಣ ಗೆರೆಗಳನ್ನು ದಿಟ್ಟಿಸಿದರು.

"ಅಲ್ರೀ, ನಾಡಿದ್ದು ನನ್ನ ಮಗಳ ಮದುವೆ. ನನ್ನ ಕೋಟಿನ ಬೆನ್ನು ನಿಮ್ಮ ಎದೆ ಮೇಲೆ ಯಾಕಿದೆ?"

ಬೆಳಿಗ್ಗೆಯಿಂದ ಮೊದಲ ಸಲ ದರ್ಜಿ ಆ ಬಟ್ಟೆಯನ್ನು ನೋಡಿದ. ಇಷ್ಟು ಹೊತ್ತು ಅಚ್ಚುಕಟ್ಟಾಗಿದ್ದ ಕೂಸು ಡಾಕ್ಟರ ಮುಖ ನೋಡಿ ನಕ್ಕು, ಕೋಟಿನ ಮೇಲೆ ಒಂದು ಗುಟುಕು ಕಕ್ಕಿತು.

"ಗಾಬರಿ ಬೇಡ," ಎಂದರು ಡಾಕ್ಟರು ಅಭ್ಯಾಸಬಲದಿಂದ. "ಇಷ್ಟು ಕಕ್ಕೋದು ಸಹಜ." ಆಮೇಲೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.