ನಮ್ಮಜ್ಜ ಯಾವ ಪಟಾಲಮಿನವನು

ಸತ್ತವರ ವಿಷಯದಲ್ಲಿ ನಾವು ಬದುಕಿರುವವರು ಬಹಳ ಧಾರಾಳಿಗಳು. ಯಾರಿಗೆ ಒಂದು ಚೆಂಬು ನೀರು ಕೊಡಲು ಗೊಣಗಿದ್ದೆವೋ ಅವರೇ ಪಟವಾಗಿ ಗೋಡೆ ಏರಿದ ಮೇಲೆ ಶೂರರೂ ದಾನಿಗಳೂ ಆಗಿಬಿಡುತ್ತಾರೆ. ಈ ಧಾರಾಳತನದಲ್ಲಿ ನಾನು ನಮ್ಮ ಊರಿನವರೆಲ್ಲರಿಗಿಂತ ಒಂದು ಕೈ ಮೇಲು. ಕಣ್ಣಿನಿಂದ ಕಂಡಿರದ ಅಜ್ಜನ ಶೌರ್ಯವನ್ನು ಹೇಳಿಕೊಂಡೇ ನಾನು ಅರ್ಧ ಆಯಸ್ಸು ಕಳೆದಿದ್ದೇನೆ.

ರಾಮಗಿರಿಯ ಗುಡ್ಡ ಕಾಣುವಷ್ಟು ಹತ್ತಿರದ ನಮ್ಮೂರಿನಲ್ಲಿ ನಮ್ಮದು ಕುರಿ ಸಾಕಿದ ಮನೆ. ಹಾಗಿದ್ದರೂ ಅದಕ್ಕೆ ಸಿಪಾಯಿ ಮನೆ ಎಂದೇ ಹೆಸರು. ಕಾರಣ ನಡುಮನೆಯ ಗೋಡೆಯಲ್ಲಿದ್ದ ಪಟ. ಮಾರಿಕಣಿವೆಯ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ ತೆಗೆದದ್ದು. ಅದರಲ್ಲಿ ಅಜ್ಜ ಎದೆ ತುಂಬ ಗುಂಡಿಗಳಿರುವ ಕೋಟು ತೊಟ್ಟು, ಅಡ್ಡಲಾಗಿ ಚರ್ಮದ ಪಟ್ಟಿ ಹಾಕಿಕೊಂಡು, ಕೈಯಲ್ಲಿ ಒಂದು ಕೋಲು ಊರಿ, ಬಲಗಾಲನ್ನೆತ್ತಿ ಎಡ ಮೊಣಕಾಲಿಗೆ ಆನಿಸಿ ನಿಂತಿದ್ದಾನೆ. ಕಾಲು ಯಾಕೆ ಎತ್ತಿದ್ದಾನೆ ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅಪ್ಪ, "ಯುದ್ಧದಾಗೆ ಗುಂಡು ತಗುಲಿತ್ತು ಕಣಲೇ, ಊರಾಕೆ ಆಗ್ತಿರಲಿಲ್ಲ" ಎನ್ನುತ್ತಿದ್ದ. ಯಾವ ಯುದ್ಧ ಎಂದು ಕೇಳಿದೆನೋ, ಅಪ್ಪನಿಗೆ ತಕ್ಷಣ ಎಮ್ಮೆಗೆ ನೀರು ಕುಡಿಸುವ ಕೆಲಸ ನೆನಪಾಗುತ್ತಿತ್ತು. ನಮಗೂ ಯುದ್ಧದ ಹೆಸರು ಅಷ್ಟೇನೂ ಬೇಕಿರಲಿಲ್ಲ, ಗುಂಡೊಂದು ಸಾಕಾಗಿತ್ತು.

ಮುಂದೆ ಅಪ್ಪ ತೀರಿಕೊಂಡ. ನಾನು ಊರ ಶಾಲೆಗೇ ಮೇಷ್ಟರಾದೆ. ಸೈನ್ಯಕ್ಕೆ ಹೋದ ಊರಿನವರ ಹೆಸರನ್ನೆಲ್ಲ ಒಂದು ಹಲಗೆಯ ಮೇಲೆ ಬರೆಸಿ ಶಾಲೆಯಲ್ಲಿ ತೂಗುಹಾಕಬೇಕೆಂಬ ಆಸೆ ನಮ್ಮ ಹೆಡ್‌ಮಾಸ್ತರರಿಗೆ ಹುಟ್ಟಿತು. ಹುಟ್ಟಿಸಿದವನು ನಾನೇ. ಮೊದಲ ಸಾಲು ಅಜ್ಜನಿಗೆಂದು ನಿಗದಿಯಾಯಿತು. ಹೆಸರಿನ ಮುಂದೆ ಅವನು ಯಾವ ಪಟಾಲಮಿನವನು, ಅಂದರೆ ಯಾವ ದಂಡಿಗೆ ಸೇರಿದವನು ಎಂದು ಬರೆಯಬೇಕಷ್ಟೆ. "ಸೋಮವಾರ ಬಣ್ಣದವನು ಬರ್ತಾನೆ. ಅಷ್ಟರೊಳಗೆ ತಿಳ್ಕೊಂಡು ಬನ್ನಿ ಮೇಷ್ಟ್ರೇ" ಎಂದು ಹೆಡ್‌ಮಾಸ್ತರರು ಹೇಳಿದರು. ಸುದ್ದಿ ಊರೆಲ್ಲ ಹಬ್ಬಿತು. ಹಬ್ಬಿಸಿದವನೂ ನಾನೇ. ಇನ್ನು ಪಟಾಲಂ ಸಿಗದಿದ್ದರೆ ಊರಿನಲ್ಲಿ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಚಿತ್ರದುರ್ಗದಲ್ಲಿ ಮಹಾರಾಜರ ಸೈನ್ಯದಿಂದ ನಿವೃತ್ತರಾದ ಜಮಾದಾರರೊಬ್ಬರಿದ್ದರು. ಗುಂಡಿ ನೋಡಿ ದಂಡು ಹೇಳುತ್ತಾರೆ ಎಂದು ಅವರ ಖ್ಯಾತಿ. ಭಾನುವಾರ ಪಟವನ್ನು ಗೋಡೆಯಿಂದ ಇಳಿಸಿ, ಮಡಿ ಪಂಚೆಯಲ್ಲಿ ಸುತ್ತಿ, ರೈಲು ಹತ್ತಿದೆ. ತೊಡೆಯ ಮೇಲಿನ ಗಂಟನ್ನು ನೋಡಿ ಎದುರಿಗೆ ಕೂತಿದ್ದವರು, "ಯಾವ ದೇವ್ರು ಸ್ವಾಮಿ?" ಎಂದರು. "ನಮ್ಮಜ್ಜ" ಎಂದೆ. "ಮನೆದೇವ್ರು ಅನ್ರಿ" ಎಂದು ಕೈಮುಗಿದರು. ನಾನೂ ಬೇಡವೆನ್ನಲಿಲ್ಲ.

ಜಮಾದಾರರು, "ಬರ್ರಿ, ಕುಂತ್ಕಳ್ರಿ" ಎಂದು ಚಾಪೆ ಹಾಕಿಸಿದರು. ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿ, "ಮೇಷ್ಟ್ರೇ, ನಿಮ್ಮ ಮನೆಯಾಗೆ ಕುರಿ ಅವೇನ್ರಿ?" ಎಂದು ಕೇಳಿದರು.

"ಅವೆ. ಯಾಕೆ?"

"ಕೋಟು ಅಸಲಿ ಐತೆ. ನಮ್ಮ ಫೌಜಿಂದೇ. ಆದ್ರೆ ತೋಳು ನೋಡ್ರಿ, ಬೆರಳು ಮುಚ್ಚೈತೆ. ಪಟ್ಟಿ ತಪ್ಪು ಹೆಗಲಿಗೆ ಬಿದ್ದೈತೆ. ಕಾಲಾಗೆ ಬೂಟಿಲ್ಲ. ಅದೆಲ್ಲ ಹೋಗ್ಲಿ, ಕವಾಯತಿನಾಗೆ ಹಿಂಗೆ ಒಂಟಿ ಕಾಲಾಗೆ ಯಾರಾದ್ರೂ ನಿಂತಾರೇನ್ರಿ? ಕೋಲಿಗೆ ಆತುಕೊಂಡು ಹಿಂಗೆ ನಿಲ್ಲೋರು ಕುರಿ ಕಾಯೋರು."

ನಮ್ಮ ಚಿಕ್ಕಪ್ಪ ದಿನಾ ಹೊಲದ ಬದುವಿನಲ್ಲಿ ಹಾಗೇ ನಿಲ್ಲುತ್ತಾನೆ. ಅವನಿಗೆ ಯಾವ ಗುಂಡೂ ತಗುಲಿರಲಿಲ್ಲ. ಕುರಿ ಸಾಕಿದ ಮನೆಯಲ್ಲಿ ಹುಟ್ಟಿ, ಕುರಿ ಕಾಯುವವನ ನಿಲುವನ್ನು ದುರ್ಗದ ಜಮಾದಾರರಿಂದ ಹೇಳಿಸಿಕೊಂಡು ಬಂದವನು ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ವಾಪಸು ಬರುವಾಗ ಗಂಟನ್ನು ತೊಡೆಯ ಮೇಲಿಡದೆ ಕಾಲ ಹತ್ತಿರ ಇಟ್ಟುಕೊಂಡೆ.

ಮನೆಯಲ್ಲಿ ಅಜ್ಜಿ ಇದ್ದಳು ಎಂಬುದನ್ನು ನಾನು ಇಷ್ಟು ಹೊತ್ತು ಹೇಳಲೇ ಇಲ್ಲ. ಪಟದ ಮನುಷ್ಯನ ಹೆಂಡತಿ ಪಟದ ಕೆಳಗೇ ದಿನವಿಡೀ ಕೂತು ಉಣ್ಣೆ ನೂಲುತ್ತಿದ್ದಳು. ಅವಳನ್ನು ಕೇಳಬಹುದೆಂದು ನನಗೂ ಹೊಳೆದಿರಲಿಲ್ಲ, ಊರಿಗೂ ಹೊಳೆದಿರಲಿಲ್ಲ. ನಾನು ಪಟವನ್ನು ಮೊಳೆಗೆ ಸಿಕ್ಕಿಸುತ್ತ, "ಅಜ್ಜೀ, ಅಜ್ಜ ಸಿಪಾಯಿ ಅಲ್ವಂತೆ" ಎಂದೆ.

"ಯಾವನಪ್ಪ ಸಿಪಾಯಿ ಅಂದೋನು?" ಎಂದಳು, ನೂಲು ಬಿಡದೆ. "ಮಾರಿಕಣಿವೆಗೆ ಕಂಬಳಿ ಮಾರಾಕೆ ಹೋಗಿದ್ದ. ಎಂಜಿನೇರು ಸಾಹೇಬ್ರ ಪಟ ತೆಗೆಯಾಕೆ ಒಬ್ಬ ಬಂದಿದ್ದನಂತೆ. ನಂದೂ ಒಂದು ತೆಗಿ ಅಂದ್ರೆ, ಕುರಿ ಕಾಯೋರ ಪಟ ಯಾರು ನೋಡ್ತಾರೆ ಅಂದ್ನಂತೆ. ಖಜಾನೆ ಕಾವಲಿನ ಸಿಪಾಯಿ ಒಬ್ಬ ಚಳಿಗೆ ನಡುಗ್ತಿದ್ದ. ಇವನು ಕಂಬಳಿ ಕೊಟ್ಟ, ಅವನು ಒಂದು ಗಳಿಗೆ ಕೋಟು ಕೊಟ್ಟ. ಅಷ್ಟೇಯ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರಿ?"

ನಾನು ನಗಲು ಹೊರಟೆ. ಅವಳು ನಗಲಿಲ್ಲ. "ಸಿಪಾಯಿಗೆ ಕೊಟ್ಟಿದ್ದು ಮಾರೋ ಕಂಬಳಿ ಅಲ್ಲ ಕಣಪ್ಪ. ಎರಡು ತಿಂಗಳು ನೂತಿದ್ದೆ. ಹಿರೇಗುಂಟನೂರಾಗೆ ನಮ್ಮಪ್ಪಗೆ ಕೊಟ್ಟು ಹೋಗು ಅಂತ ಕಳ್ಸಿದ್ದೆ. ಆ ಮಾಗಿ ಚಳೀಲೇ ನಮ್ಮಪ್ಪ ತೀರ್ಕೊಂಡ. ಕಂಬಳಿ ಅಪ್ಪಗೆ ಮುಟ್ಟಿರಲಿಲ್ಲ ಅಂತ ಪಟ ಮನೆಗೆ ಬಂದ ಮೇಲೇ ನನಗೆ ಗೊತ್ತಾಗಿದ್ದು." ಮತ್ತೆ ನೂಲು ಎಳೆಯುತ್ತ, "ಹಲಗೆ ಮೇಲೆ ಅವನ ಹೆಸರು ಬರೆಸಬ್ಯಾಡ" ಎಂದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಅವಳ ಕೈ ಹಿಡಿದು, ಬರೆಸುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗ ಅದು ಪೂರಾ ಪ್ರಾಮಾಣಿಕವಾದ ಮಾತೇ ಆಗಿತ್ತು.

ಸೋಮವಾರ ಶಾಲೆಗೆ ಹೋದರೆ ಬಣ್ಣದವನು ನನಗಿಂತ ಮೊದಲೇ ಬಂದಿದ್ದ. ಮೊದಲ ಸಾಲಿನಲ್ಲಿ ಅಜ್ಜನ ಹೆಸರು ಹಳದಿ ಬಣ್ಣದಲ್ಲಿ ಹಸಿಯಾಗಿ ಹೊಳೆಯುತ್ತಿತ್ತು. ಊರ ಹಿರಿಯರು ನಾಲ್ಕು ಜನ ನೋಡಲು ಬಂದು ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಕಂಡು ಎದ್ದು ನಿಂತಿರಲಿಲ್ಲ. "ಪಟಾಲಂ ಯಾವುದು ಮೇಷ್ಟ್ರೇ?" ಎಂದು ಹೆಡ್‌ಮಾಸ್ತರರು ಕೇಳಿದರು. "ಕಾಗದಪತ್ರ ಎಲ್ಲ ಗೆದ್ದಲು ತಿಂದಿದೆ ಸಾರ್" ಎಂದೆ. "ಪರವಾಗಿಲ್ಲ, ಜಾಗ ಬಿಟ್ಟಿರಲಿ" ಎಂದರು. ಆ ಜಾಗ ಈಗಲೂ ಖಾಲಿ ಇದೆ.

ಸಂಜೆ ಮನೆಗೆ ಬಂದು ಕಾಲು ತೊಳೆದು ಒಳಗೆ ಹೋದೆ. ಹೆಸರು ಬರೆದ ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಅಜ್ಜಿ, "ಹೆಸರು ತೆಗೆಸಿದ್ಯಾ?" ಎಂದಳು.

"ತೆಗೆಸಿದೆ" ಎಂದೆ.

ಅವಳು ನೂಲುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಮ್ಮಪ್ಪಗೆ ಕಂಬಳಿ ಕೊಟ್ಯಾ ಅಂದ್ರೆ, ನಿಮ್ಮಜ್ಜನೂ ಹಿಂಗೇ ಕಂಬದ ಕಡೆ ನೋಡ್ಕೊಂಡು ಕೊಟ್ಟೆ ಅಂದಿದ್ದ" ಎಂದಳು.