ಕ್ಲೈಮ್ಯಾಕ್ಸ್ ಕಾಣದ ಕಾಕಾ

ನಮ್ಮ ಕಾಕಾನಷ್ಟು ಸಿನಿಮಾ ನೋಡಿದವರು ಬನಹಟ್ಟಿಯಲ್ಲಿ ಇನ್ನೊಬ್ಬರಿಲ್ಲ. ಅವನಷ್ಟು ಸಿನಿಮಾ ನೋಡದವರೂ ಇನ್ನೊಬ್ಬರಿಲ್ಲ! ಎರಡೂ ಖರೆ. ವಾರಕ್ಕೊಮ್ಮೆ ಮಗ್ಗ ಬಂದ್ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಜಮಖಂಡಿಗೆ ಹೋಗುತ್ತಾನೆ. ದೆವ್ವದ್ದು, ಕೊಲೆಯದ್ದು, ಹೆಣಗಳು ಎದ್ದು ಓಡಾಡುವುದು, ಯಾವುದಿದ್ದರೆ ಅದಕ್ಕೆ ಮ್ಯಾಟಿನಿ ಟಿಕೀಟು ತೆಗೆಸುತ್ತಾನೆ. ಪ್ರೇಮದ ಸಿನಿಮಾ ಮಾತ್ರ ಬೇಡ. ಇಷ್ಟೆಲ್ಲ ಮಾಡಿ, ಕೊನೆಯ ಕಾಲು ಗಂಟೆ ಉಳಿದಾಗ ಚಪ್ಪಲಿ ಹುಡುಕಿಕೊಂಡು ಎದ್ದು ಬಂದುಬಿಡುತ್ತಾನೆ. ಯಾಕೆ? ಬಸ್ಸು ತಪ್ಪುತ್ತದಂತೆ.

ಜಮಖಂಡಿಯಿಂದ ಬನಹಟ್ಟಿಗೆ ಬಸ್ಸು ತಪ್ಪುವುದೆಂದರೆ ಏನರ್ಥ? ಒಂದು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆ. ಅದು ತುಂಬಿದ್ದರೆ ಟಂಟಂ ಆಟೋ ಇದೆ. ನಾನು ಜಮಖಂಡಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ದಿನಾ ಅದೇ ರಸ್ತೆಯಲ್ಲಿ ಓಡಾಡುವವಳು. ನನಗೇ ಬಸ್ಸಿನ ಪಾಠ ಹೇಳುತ್ತಾನೆ ಈ ಮನುಷ್ಯ.

"ಕಾಕಾ, ಕೊಲಿ ಮಾಡಿದಾಂವ ಯಾರಂತ ಗೊತ್ತಾಗಲಾರದ ಹೆಂಗ ಎದ್ದ ಬರತೀ?" ಎಂದು ಒಮ್ಮೆ ಸಿಟ್ಟಿಗೆದ್ದು ಕೇಳಿದೆ.

"ಯಾರರೆ ಮಾಡಿರತಾರ ಬಿಡಬೇ. ಅದನ್ನ ಪೊಲೀಸರು ನೋಡ್ಕೋತಾರ" ಎಂದ.

ಕೊನೆ ನೋಡದಿದ್ದರೇನು, ಅಭಿಪ್ರಾಯಕ್ಕೆ ಕೊರತೆಯೇ? ಮೊನ್ನೆ ಹೆಣಗಳ ಸಿನಿಮಾ ನೋಡಿ ಬಂದ. ಇಡೀ ಊರಿನ ಹೆಣಗಳು ಎದ್ದು ಜನರನ್ನು ಅಟ್ಟಿಸಿಕೊಂಡು ಹೋಗುತ್ತವಂತೆ. "ಏನ್ ಓಡತಾವ ಅಂತೀ. ಜೀವ ಇದ್ದಾಗ ಹಿಂಗ ದಿನಾ ಓಡಿದ್ರ ಸಾಯತಿದ್ದಿಲ್ಲ" ಎಂದು ತೀರ್ಪು ಕೊಟ್ಟ. ಅದಕ್ಕೂ ಮೊದಲು ಸರಣಿ ಕೊಲೆಗಳ ಸಿನಿಮಾ. ಅದು ಅವನಿಗೆ ಹಿಡಿಸಲಿಲ್ಲ. "ಆ ಊರಾಗ ಮಂದಿ ಒಬ್ಬರ ಮನಿಗೆ ಒಬ್ಬರು ಹೋಗೂದ ಇಲ್ಲೇನು? ನಮ್ಮ ಓಣ್ಯಾಗ ಕೊಲಿ ಮಾಡಾಕ ಬಂದ್ರ, ಆಂವಗ ಯಾರ ಪೈಕಿ ಅಂತ ಕೇಳಿ, ಚಾ ಕುಡಿಸಿ, ದಾರಿ ತೋರಸಾಕ ನಾಕ ಮಂದಿ ಜೋಡಿ ಹೋಗತಿದ್ರು. ಎಲ್ಲಿ ಕೊಲಿ ಮಾಡತಾನ ಆಂವ?" ಕಾಲದಲ್ಲಿ ಹಿಂದೆ ಹೋಗುವ ಸಿನಿಮಾ ಒಂದಿತ್ತು. ಹೀರೋ ಹಿಂದಿನ ಕಾಲಕ್ಕೆ ಹೋಗಿ ತನ್ನ ಅಪ್ಪನಿಗೆ ಬುದ್ಧಿ ಹೇಳುತ್ತಾನೆ. ಹಿಂದಕ್ಕೆ ಹೋದದ್ದನ್ನು ಕಾಕಾ ತಕರಾರಿಲ್ಲದೆ ಒಪ್ಪಿಕೊಂಡ. ಅಪ್ಪ ಮಗನ ಮಾತು ಕೇಳಿದ್ದನ್ನು ಮಾತ್ರ ಒಪ್ಪಲಿಲ್ಲ.

ಈ ಅಭಿಪ್ರಾಯಗಳನ್ನೆಲ್ಲ ಅವನು ಹೇಳುವುದು ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ. ಮನೆಯ ಮುಂದಿನ ಕೋಣೆಯಲ್ಲೇ ಪವರ್‌ಲೂಮ್. ಕಾಕಾ ಮಗ್ಗದ ಪಕ್ಕ ನಿಂತಿರುತ್ತಾನೆ, ಕಾಕು ಮೂಲೆಯಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿರುತ್ತಾಳೆ. ಮಗ್ಗದ ಸಪ್ಪಳದಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳಬೇಕು? ಇಬ್ಬರೂ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಕಾಕಾ ತಾನು ನೋಡಿದಷ್ಟು ಕತೆ ಹೇಳುತ್ತಾನೆ. ಕೊನೆಗೆ ಏನಾಗಿರಬೇಕೆಂದು ಕಾಕು ಹೇಳುತ್ತಾಳೆ. ಆಮೇಲೆ ನಾನು ಸಿನಿಮಾ ಪೂರ್ತಿ ನೋಡಿದವರನ್ನು ವಿಚಾರಿಸಿದರೆ, ಕಾಕು ಹೇಳಿದ್ದು ಎಂದೂ ತಪ್ಪಿರುವುದಿಲ್ಲ.

ಒಮ್ಮೆ ತೇರದಾಳದ ವ್ಯಾಪಾರಿಯೊಬ್ಬರು ಸೀರೆ ನೋಡಲು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅದೇ ಹೊತ್ತಿಗೆ ಕರೆಂಟು ಹೋಗಿ ಮಗ್ಗ ಗಪ್ಪನೆ ನಿಂತಿತು. ಮಗ್ಗ ನಿಂತಿತೇ ಹೊರತು ಕೂಗುವವರು ನಿಲ್ಲಬೇಕಲ್ಲ.

"ಹೆಣಾ ಎಲ್ಲಿ ಹುಗದ್ರಿ?" ಎಂದು ಕಾಕು ಕೂಗಿದಳು.

"ಹಿತ್ತಲದಾಗ, ಬೇವಿನ ಗಿಡದ ಬುಡಕ" ಎಂದು ಕಾಕಾ ಅಷ್ಟೇ ಜೋರಾಗಿ ಉತ್ತರಿಸಿದ.

ನಮ್ಮ ಹಿತ್ತಲಲ್ಲಿ ಬೇವಿನ ಗಿಡ ಇರುವುದೂ ನಿಜ, ಅದು ಬಾಗಿಲಿಂದ ನೇರ ಕಾಣುವುದೂ ನಿಜ. ಪಾಪ, ಆ ವ್ಯಾಪಾರಿ ಅವತ್ತು ಚೌಕಾಶಿಯನ್ನೇ ಮಾಡಲಿಲ್ಲ. ಚಹಾ ಕೂಡ ಕುಡಿಯಲಿಲ್ಲ.

ನಿಮಗೀಗ ಅನಿಸಿರಬೇಕು, ಇಷ್ಟು ಹುಚ್ಚಿರುವ ಕಾಕು ತಾನೇ ಯಾಕೆ ಹೋಗುವುದಿಲ್ಲ ಎಂದು. ಹೋಗುತ್ತಿದ್ದಳು. ದೆವ್ವದ ಸಿನಿಮಾದ ಹುಚ್ಚು ಮೊದಲಿನಿಂದಲೂ ಆಕೆಯದೇ. ಕಾಕಾ ಬರೀ ಜೊತೆಗೆ ಹೋಗುವವನು, ಅದೂ ಅಂಜುಬುರುಕ. ದೆವ್ವ ಬಂದರೆ ಪರದೆ ನೋಡುವುದು ಬಿಟ್ಟು ಕಾಕುವಿನ ಮುಖ ನೋಡುತ್ತ ಕೂರುತ್ತಿದ್ದ. ಆಕೆ ನಕ್ಕರೆ ದೆವ್ವ ಹೋಯಿತೆಂದು ಅರ್ಥ. ಆಮೇಲೆ ಪರದೆಯ ಕಡೆ ತಿರುಗುತ್ತಿದ್ದ. ಒಂದು ದಿನ ಸಿನಿಮಾದ ನಡುವೆ ಕಾಕುವಿಗೆ ಎದೆ ಹಿಡಿದುಕೊಂಡಿತು. ಹೊರಗೆ ಕರೆದುಕೊಂಡು ಬಂದರೆ, "ಇನ್ನ ಸ್ವಲ್ಪ ಇತ್ತರಿ, ಮುಗಿಸಿ ಬರೂಣಾಗಿತ್ತು" ಎಂದು ಜಗಳ. ಹೃದಯದ ಕವಾಟ ಕೆಟ್ಟಿದೆ, ಗಾಬರಿಯಾಗುವಂಥದ್ದು ಏನೂ ಬೇಡ ಎಂದು ಡಾಕ್ಟರು ಹೇಳಿದರು. ಮೊಬೈಲಿನಲ್ಲಿ ಹಾಕಿಕೊಡಲೇ ಎಂದು ನಾನು ಕೇಳಿದರೆ, "ಅದರಾಗ ದೆವ್ವ ಹೆಬ್ಬಟ್ಟಿನಷ್ಟ ಕಾಣತೈತಿ. ಅದಕ್ಕೇನ ಅಂಜೂದು?" ಎಂದಳು.

ಅಂದಿನಿಂದ ಕಾಕಾ ಒಬ್ಬನೇ ಹೋಗತೊಡಗಿದ. ಅವನು ಹೇಳಿದರೆ ಎಂಥ ದೆವ್ವವೂ ನೆಂಟರ ಹಾಗೆ ಬಂದು ಹೋಗುತ್ತದೆ, ಯಾರ ಎದೆಗೂ ಧಕ್ಕೆಯಿಲ್ಲ. ಆದರೆ ಕೊನೆಯಲ್ಲಿ ದೆವ್ವ ಪೂರ್ತಿ ಮುಖ ತೋರಿಸುತ್ತದಲ್ಲ, ಅದನ್ನು ಒಬ್ಬನೇ ಕೂತು ನೋಡುವ ಧೈರ್ಯ ಅವನಿಗಿಲ್ಲ. ಬಸ್ಸಿನ ಕತೆಯ ಬುಡ ಇದು.

ಹೋದ ಚಳಿಗಾಲದಲ್ಲಿ ಕಾಕುವಿನ ಆಪರೇಷನ್ ಇನ್ನು ಮುಂದೂಡುವಂತಿಲ್ಲ ಎಂದಾಯಿತು. ಮಿರಜಿನ ಆಸ್ಪತ್ರೆಗೆ ಹೋಗುವುದು ನಿಶ್ಚಯವಾಯಿತು. ಹೊರಡುವ ವಾರ ಕಾಕಾ ಬಾವಿಯ ದೆವ್ವದ ಸಿನಿಮಾ ನೋಡಿ ಬಂದು, ಎಂದಿನಂತೆ ಮುಕ್ಕಾಲು ಕತೆ ಹೇಳಿದ. "ದೆವ್ವದ ಸೀರಿ ನೋಡಬೇಕಿತ್ತ ನೀ. ಇಪ್ಪತ್ತ ವರ್ಷ ಬಾವ್ಯಾಗ ಬಿದ್ದಿತ್ತಂತ, ಒಂದ ಎಳಿ ಬಿಟ್ಟಿಲ್ಲ. ನೇಯ್ದಾಂವ ಯಾರಂತ ಕೇಳಬೇಕು" ಎಂದ. ಕತೆಯಲ್ಲಿ ದೆವ್ವ ಒಬ್ಬ ಹೆಂಗಸಿನ ಬೆನ್ನು ಹತ್ತಿರುತ್ತದೆ.

ಕಾಕು ಕಂಡಿಕೆ ಸುತ್ತುವುದನ್ನು ನಿಲ್ಲಿಸಿ, "ಆಕಿ ಉಳಿಯೂದುಲ್ಲ ತಗೋರಿ. ಕಡೀಕ ಸಾಯತಾಳ" ಎಂದಳು.

ಕಾಕಾ ಮಗ್ಗ ಬಂದ್ ಮಾಡಿದ. ಮರುದಿನ ನನ್ನ ಅಂಗಡಿಯ ಮುಂದೆ ಬಂದು ನಿಂತ. "ನಡಿಬೇ ತಂಗಿ. ಆ ಪಿಚ್ಚರ್ ಇನ್ನೊಮ್ಮೆ ನೋಡೂದೈತಿ. ಕಡೀತನಕ" ಎಂದ. ಕಾಕುವಿನ ಮಾತು ಎಂದೂ ತಪ್ಪಿಲ್ಲವೆಂಬುದೇ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ನಾನು ಮಾಲೀಕರಿಗೆ ಏನೋ ಹೇಳಿ ಹೋದೆ. ಕೊನೆಯ ಕಾಲು ಗಂಟೆ ಬಂದಾಗ ಕಾಕಾ ಏಳಲಿಲ್ಲ. ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಎರಡು ಬಳೆ ಒಡೆದವು. ಹೊರಗೆ ಬಂದಮೇಲೆ ಬಸ್‌ಸ್ಟ್ಯಾಂಡಿನವರೆಗೂ ಅವನು ನನಗಿಂತ ಮುಂದೆ ಮುಂದೆ ನಡೆದ.

ಆಪರೇಷನ್ ದಿನ ಕಾಕುವನ್ನು ಗಾಲಿಮಂಚದ ಮೇಲೆ ಒಳಗೆ ಒಯ್ಯುತ್ತಿದ್ದರು. ಆಕೆ ಅಲ್ಲೂ ಬಿಡಲಿಲ್ಲ. "ನೋಡಿ ಬಂದೀರಂತಲ್ಲ, ಆಕಿದು ಕಡೀಕ ಏನಾತು?"

"ಹೊರಗ ಬಾ, ಹೇಳತೇನಿ."

"ಈಗ ಹೇಳ್ರಿ."

"ಈಗ ಹೇಳೂದುಲ್ಲ. ನೀ ಬಂದ ಮ್ಯಾಲೆನ."

ಕಾಕು ಮುಖ ಗಂಟಿಕ್ಕಿಕೊಂಡೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ಕಾಕಾ ಬೆಂಚಿನ ಮೇಲೆ ಕೂತು, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದ. ಮಗ್ಗದವನಾದ ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ತಂಗಿ, ಆಕಿ ಉಳದ್ಲೋ ಇಲ್ಲೋ? ನಾ ಕಣ್ಣ ಮುಚ್ಚಿಕೊಂಡ ಕುಂತಿದ್ನಿ."

ಆ ಹೆಂಗಸು ಸತ್ತಿದ್ದಳು. ಬಾವಿಯ ದಂಡೆಯ ಮೇಲೆ, ಇಡೀ ಥಿಯೇಟರ್ ನೋಡುತ್ತಿರುವಾಗ ಸತ್ತಿದ್ದಳು.

"ಉಳದ್ಲು ಕಾಕಾ" ಎಂದೆ. "ಅಗದೀ ಆರಾಮ ಮನಿಗೆ ಹೋದ್ಲು."

ಕಾಕಾ ತಲೆಯಾಡಿಸಿದ. ಆಮೇಲೆ ಬಾಗಿಲು ತೆರೆಯುವವರೆಗೂ ಅವನು ಬೆಂಚು ಬಿಟ್ಟು ಏಳಲಿಲ್ಲ.

ಎರಡು ದಿನದ ಮೇಲೆ ಕಾಕುವಿಗೆ ಮಾತಾಡುವಷ್ಟು ಬಲ ಬಂತು. ಮೊದಲು ನೀರು ಕೇಳಿದಳು, ಆಮೇಲೆ ಸಿನಿಮಾದ ಕೊನೆ ಕೇಳಿದಳು. ಕಾಕಾ ಎಲ್ಲ ಹೇಳಿದ. ಆ ಹೆಂಗಸು ಉಳಿದಳು, ಮನೆಗೆ ಹೋದಳು, ದೆವ್ವ ತಿರುಗಿ ಬಾವಿಗೆ ಬಿತ್ತು. ಕಾಕು ನನ್ನ ಕಡೆ ನೋಡಿದಳು.

"ಖರೇನ ಏನಬೇ?"

"ಖರೇನ ಕಾಕು. ನಾನೂ ನೋಡೇನಿ."

ಆಕೆ ಬಹಳ ಹೊತ್ತು ನನ್ನ ಮುಖ ನೋಡಿದಳು. ನನ್ನ ಸುಳ್ಳು ಆಕೆಗೆ ಗೊತ್ತಾಯಿತೆಂದೇ ನನಗೆ ಇವತ್ತಿಗೂ ಅನಿಸುತ್ತದೆ. ಆಮೇಲೆ ಕಾಕಾನ ಕಡೆ ತಿರುಗಿ, "ಹಂಗಾರ ನಾ ಅಂದದ್ದು ತಪ್ಪಾತು" ಎಂದಳು.

"ತಪ್ಪಲಿ ಬಿಡು. ಒಂದ ಸಲರೆ ತಪ್ಪಬೇಕು" ಎಂದ ಕಾಕಾ.

ಕಾಕು ನಕ್ಕಳು. ಕಾಕಾ ಆಕೆಯ ಮುಖವನ್ನೇ ನೋಡುತ್ತ ಕೂತಿದ್ದ. ದೆವ್ವ ಹೋಗಿತ್ತು.